ಮಣ್ಣಿನ ಮನೆ ಕಟ್ಟುವ ಕಣಜ ಕಚ್ತದಾ?

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿತ್ತೆಂದರೆ ನಮ್ಮ ಕುಲಶೇಖರದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂದೇ ಬರ್ತದೆ. ಬಾಲ್ಕನಿಯ ಮೂಲೆಯಲ್ಲೋ, ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆಯೋ, ವರ್ಷಕ್ಕೊಮ್ಮೆ ಕೆಳಗಿಳಿಸುವ ಸೂಟ್‌ಕೇಸಿನ ಹಿಡಿಯಲ್ಲೋ ಅಂಟಿಕೊಂಡ ಮಣ್ಣಿನ ಮುದ್ದೆ. ಅಡಿಯಲ್ಲಿ ಎರಡೇ ಮಾತು: "ಇದೆಂಥ? ಕಚ್ತದಾ?"

ಆಮೇಲೆ ಉತ್ತರಗಳ ಮಳೆ. ಒಬ್ಬರು ಸ್ಪ್ರೇ ಹೊಡಿ ಅಂತಾರೆ, ಇನ್ನೊಬ್ಬರು ಪೇಪರ್ ಸುತ್ತಿ ಬೆಂಕಿ ಇಡು ಅಂತಾರೆ (ಏಳನೇ ಮಹಡಿಯ ಬಾಲ್ಕನಿಯಲ್ಲಿ!). ಎರಡನೇ ಮಹಡಿಯ ಆಂಟಿ ಮಾತ್ರ ಪ್ರತಿ ಸಲ ಒಂದೇ ವಾಯ್ಸ್ ನೋಟ್ ಹಾಕ್ತಾರೆ: "ಅದನ್ನು ತೆಗೀಬೇಡಿ ಮಾರಾಯ್ರೆ, ಆ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗ್ತದೆ." ಹೊಸದಾಗಿ ಮದುವೆಯಾಗಿ ಬಂದ ಜೋಡಿ ಇದನ್ನು ಓದಿ ಒಂದು ಸ್ಮೈಲಿ ಹಾಕಿ ಸುಮ್ಮನಾಗ್ತದೆ.

ಕಚ್ತದಾ ಅನ್ನುವುದಕ್ಕೆ ನೇರ ಉತ್ತರ: ಕಚ್ಚಬಲ್ಲದು, ಆದರೆ ಕಚ್ಚುವುದಿಲ್ಲ. ನೀವು ಕೈಯಲ್ಲಿ ಹಿಡಿದು ಅದುಮಿದರೆ, ಒಣಗಲು ಹಾಕಿದ ಅಂಗಿಯೊಳಗೆ ಅದು ಇದ್ದದ್ದು ತಿಳಿಯದೆ ತೊಟ್ಟರೆ, ಬರಿಗಾಲಲ್ಲಿ ಮೆಟ್ಟಿದರೆ ಚುಚ್ಚೀತು. ಗೂಡಿನ ಹತ್ತಿರ ನಿಂತಿರಿ ಅಂತ ಅಟ್ಟಿಸಿಕೊಂಡು ಬರುವ ಜಾತಿ ಅದಲ್ಲ.

ಅಂದಹಾಗೆ "ಕಚ್ಚುವುದು" ಅಂತ ನಾವು ಹೇಳುವುದು ಅಭ್ಯಾಸಬಲದಿಂದ. ಕಣಜ, ಜೇನು ಎರಡೂ ಚುಚ್ಚುವುದು ಹಿಂಭಾಗದ ಕೊಂಡಿಯಿಂದ. ಅದು ಮೂಲತಃ ಮೊಟ್ಟೆಯಿಡುವ ನಳಿಕೆ, ಕಾಲಕ್ರಮದಲ್ಲಿ ವಿಷದ ಸೂಜಿಯಾಗಿ ಬದಲಾದದ್ದು. ಹಾಗಾಗಿ ಕುಟುಕುವುದೇನಿದ್ದರೂ ಹೆಣ್ಣು ಮಾತ್ರ. ಗಂಡಿಗೆ ಆ ಸೂಜಿಯೇ ಇಲ್ಲ.

ಮಣ್ಣಿನ ಗೂಡಿನ ಹೆಣ್ಣು ಒಂಟಿ. ರಾಣಿ, ಸೈನ್ಯ, ಕೆಲಸಗಾರರು ಯಾರೂ ಇಲ್ಲ. ಕಪ್ಪು ಮೈ, ಹಳದಿ ಗುರುತು, ದಾರದಷ್ಟು ಸಪೂರ ಸೊಂಟ ಇದ್ದರೆ ಅದು ಸೆಲಿಫ್ರಾನ್ ಎಂಬ ಗುಂಪಿಗೆ ಸೇರಿದ್ದು. ದಕ್ಷಿಣ ಭಾರತದಲ್ಲಿ ಕಾಣುವ ಒಂದು ಜಾತಿಗೆ 1781ರಲ್ಲೇ ನಮ್ಮ ನೆರೆಯ ಮದ್ರಾಸಿನ ಹೆಸರಿಟ್ಟರು, ಸೆಲಿಫ್ರಾನ್ ಮದ್ರಾಸ್‌ಪಟಾನಮ್ ಅಂತ. ನಲ್ಲಿಯ ಕೆಳಗಿನ ಹಸಿ, ಹೂಕುಂಡದ ಕೆಸರು, ಹೈವೇ ಕಾಮಗಾರಿಯ ಕೆಂಪು ಮಣ್ಣು ಯಾವುದಾದರೂ ಆದೀತು. ಬಾಯಲ್ಲಿ ಉಂಡೆ ಕಟ್ಟಿ ಹೊತ್ತು ತಂದು, ಗುಂಯ್ ಅಂತ ಸದ್ದು ಮಾಡುತ್ತಾ ಮೆತ್ತುತ್ತದೆ. ಒಂದು ಕೋಣೆಯಾದ ಮೇಲೆ ಬೇಟೆ. ಜೇಡಗಳನ್ನು ಹುಡುಕಿ ಚುಚ್ಚುತ್ತದೆ, ಆದರೆ ಕೊಲ್ಲುವುದಿಲ್ಲ. ಜೇಡಕ್ಕೆ ಲಕ್ವ ಹೊಡೆದಂತಾಗ್ತದೆ ಅಷ್ಟೆ. ಸತ್ತರೆ ಕೊಳೀತದೆ, ಜೀವ ಇದ್ದರೆ ತಾಜಾ ಇರ್ತದೆ. ಹೀಗೆ ಹತ್ತಾರು ಜೇಡ ತುಂಬಿ, ಒಂದು ಮೊಟ್ಟೆ ಇಟ್ಟು, ಬಾಗಿಲು ಮೆತ್ತಿ ಮುಂದಿನ ಕೋಣೆಗೆ ಹೋಗ್ತದೆ. ಮರಿ ಹೊರಬಂದು ತಾಯಿ ಕೂಡಿಟ್ಟ ಜೇಡಗಳನ್ನು ತಿಂದು ಬೆಳೀತದೆ. ಕನ್ನಡದಲ್ಲಿ ಕಣಜ ಅಂದರೆ ಈ ಹುಳವೂ ಹೌದು, ಧಾನ್ಯ ತುಂಬಿಡುವ ಉಗ್ರಾಣವೂ ಹೌದು. ಎರಡು ಪದಗಳ ಮೂಲ ಒಂದೇ ಅಂತ ನಾನು ಹೇಳುತ್ತಿಲ್ಲ, ಆದರೆ ಈ ಹುಳದ ಮಟ್ಟಿಗೆ ಎರಡೂ ಅರ್ಥ ಸರಿಯಾಗಿ ಕೂತಿದೆ.

ಅದರ ಸ್ವಭಾವದ ಗುಟ್ಟು ಇಲ್ಲೇ ಉಂಟು. ಆ ವಿಷ ಇರುವುದು ಅಡುಗೆಮನೆಯ ಕೆಲಸಕ್ಕೆ, ಕಾವಲಿಗಲ್ಲ. ಗೂಡು ಉಳಿಸಲು ಹೋಗಿ ತಾನೇ ಸತ್ತರೆ ಮುಂದೆ ಮೊಟ್ಟೆಯಿಡಲು ಇನ್ನೊಬ್ಬರಿಲ್ಲ. ಹಾಗಾಗಿ ಅಪಾಯ ಬಂದರೆ ಹಾರಿಹೋಗುವುದೇ ಅದಕ್ಕೆ ಲಾಭ. ನೋವಿನ ಲೆಕ್ಕವೂ ಕಡಿಮೆಯೇ. ಅಮೆರಿಕದ ಅರಿಜೋನಾದಲ್ಲಿ ಜಸ್ಟಿನ್ ಶ್ಮಿಟ್ ಎಂಬ ಕೀಟವಿಜ್ಞಾನಿ ಇದ್ದರು. ಹತ್ತಾರು ಬಗೆಯ ಜೇನು, ಇರುವೆ, ಕಣಜಗಳಿಂದ ಕುಟುಕಿಸಿಕೊಂಡು ನೋವಿಗೆ ಒಂದರಿಂದ ನಾಲ್ಕರವರೆಗೆ ಅಂಕ ಕೊಟ್ಟವರು. ಅದಕ್ಕಾಗಿ 2015ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ಅವರ ಪಟ್ಟಿಯಲ್ಲಿ ಜೇನಿಗೆ ಎರಡು. ನಮ್ಮ ಮಣ್ಣಿನ ಕಣಜದ ಅಮೆರಿಕದ ದಾಯಾದಿಗೆ ಬರೇ ಒಂದು.

ಇನ್ನೊಂದು ಬಗೆ ಉಂಟು, ಕುಂಬಾರ ಕಣಜ. ಇದರದ್ದು ಮುದ್ದೆ ಅಲ್ಲ, ಕತ್ತು, ಅಂಚು ಎಲ್ಲ ಇರುವ ಪುಟಾಣಿ ಮಡಕೆ. ಕುಲಾಲರ ವೀರನಾರಾಯಣ ದೇವಸ್ಥಾನ ಇರುವ ಕುಲಶೇಖರದಲ್ಲಿ ಮಡಕೆಯ ಬಗ್ಗೆ ನಾನು ಹೆಚ್ಚು ಹೇಳಬಾರದು, ಆದರೂ ಚಕ್ರವಿಲ್ಲದೆ ಆ ಗುಂಡಗೆ ಬರುವುದನ್ನು ಒಮ್ಮೆ ನಿಂತು ನೋಡಿ. ಇದು ತುಂಬುವುದು ಜೇಡವಲ್ಲ, ಕಂಬಳಿಹುಳುಗಳನ್ನು. ಮೊಟ್ಟೆಯನ್ನು ಮಡಕೆಯೊಳಗೆ ಒಂದು ಸಣ್ಣ ಎಳೆಯಲ್ಲಿ ನೇತುಹಾಕುತ್ತದೆ. ಆಂಟಿ ಹೇಳುವ ತೊಟ್ಟಿಲು ಒಳಗೆ ನಿಜವಾಗಿಯೂ ಉಂಟು.

ಹಿಂದಿನವರೂ ಇದನ್ನು ಕುತೂಹಲದಿಂದ ನೋಡಿದ್ದಾರೆ. ಹುಳವೊಂದನ್ನು ಮಣ್ಣಿನ ಗೂಡಿಗೆ ಎಳೆದೊಯ್ದು ಮುಚ್ಚುವುದು, ಕೆಲವು ದಿನದ ಮೇಲೆ ಅದೇ ಗೂಡಿಂದ ರೆಕ್ಕೆಯ ಕಣಜ ಬರುವುದು ಎರಡೂ ಕಣ್ಣಿಗೆ ಬಿದ್ದು ಹುಟ್ಟಿದ್ದೇ "ಭ್ರಮರ ಕೀಟ ನ್ಯಾಯ": ಕೀಟವು ಭ್ರಮರವನ್ನೇ ನೆನೆದು ನೆನೆದು ಭ್ರಮರವಾಯಿತು ಅಂತ. ವಚನಗಳಲ್ಲಿ ಬರುವ ಕೀಡೆ, ಕುಂಡಲಿಗದ ಹೋಲಿಕೆಯೂ ಇದೇ. ಒಳಗೆ ನಡೆಯುವ ಊಟದ ವಿಷಯ ಗೊತ್ತಾದ ಮೇಲೆ ಆ ಹೋಲಿಕೆ ಓದುವಾಗ ಸ್ವಲ್ಪ ಬೇರೆ ಥರ ಅನಿಸ್ತದೆ, ಇರಲಿ.

ಹಾಗಾದರೆ ಗೂಡನ್ನು ಏನು ಮಾಡುವುದು? ಬಾಲ್ಕನಿಯಲ್ಲಿದ್ದರೆ ಬಿಡಿ. ಮುದ್ದೆಯ ಮೇಲೆ ದುಂಡಗಿನ ತೂತುಗಳು ಕಂಡರೆ ಮರಿಗಳು ಹಾರಿಹೋಗಿವೆ, ಚಾಕುವಿನಿಂದ ಕೆರೆದು ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸ್ಪ್ರೇ ಬೇಡ, ಬೆಂಕಿಯಂತೂ ಬೇಡವೇ ಬೇಡ. ಆದರೆ ಕೆಲವು ಜಾಗದಲ್ಲಿ ಬಿಡಬಾರದು. ಪ್ಲಗ್ ಪಾಯಿಂಟಿನ ತೂತು, ಬೀಗದ ಕಿಂಡಿ, ಗೀಸರಿನ ಪೈಪು, ಎಸಿಯ ನೀರು ಹೊರಹೋಗುವ ಕೊಳವೆ, ಇವೆಲ್ಲ ಕಣಜಕ್ಕೆ ರೆಡಿಮೇಡ್ ಕೋಣೆಗಳು. ಎಸಿ ಒಳಗಡೆ ನೀರು ಸುರಿಸಿದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಹೊರಗಿನ ಕೊಳವೆಯ ತುದಿ ನೋಡಿ. ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದರೆ ಮತ್ತೆ ಬರುವುದಿಲ್ಲ.

ಇದು ಸಣ್ಣ ವಿಷಯ ಅಂತ ಅನಿಸಿದರೆ ಇದನ್ನು ಕೇಳಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪೋರ್ಟೊ ಪ್ಲಾಟಾದಿಂದ ಹೊರಟ ಬರ್ಗೆನೇರ್ ಕಂಪನಿಯ ಬೋಯಿಂಗ್ 757 ಸಮುದ್ರಕ್ಕೆ ಬಿತ್ತು. ಒಳಗಿದ್ದ 189 ಜನರೂ ಹೋದರು. ವೇಗ ಅಳೆಯುವ ಪಿಟೋ ಎಂಬ ಕೊಳವೆ ಕಟ್ಟಿಕೊಂಡು ಪೈಲಟ್‌ಗಳಿಗೆ ತಪ್ಪು ವೇಗ ತೋರಿಸುತ್ತಿತ್ತು. ದಿನಗಟ್ಟಲೆ ನಿಂತಿದ್ದ ವಿಮಾನದ ಆ ಕೊಳವೆಯಲ್ಲಿ ಮಣ್ಣಿನ ಕಣಜ ಗೂಡು ಕಟ್ಟಿರಬಹುದು ಅನ್ನುವುದು ತನಿಖೆಯಲ್ಲಿ ಮೂಡಿದ ಬಲವಾದ ಶಂಕೆ. ಕುಟುಕದೆಯೂ ಅನಾಹುತ ಆಗುವುದು ಹೀಗೆ.

ಈಗ ಭಯಪಡಬೇಕಾದವರ ಕಡೆ ಬರೋಣ. ಗೂಡು ಯಾವುದರದ್ದು ಅಂತ ನೋಡಿದರೆ ಅರ್ಧ ವಿಷಯ ಗೊತ್ತಾಗ್ತದೆ. ಮಣ್ಣು ಅಂದರೆ ಒಂಟಿ, ಸಾಧು. ಬೂದು ಬಣ್ಣದ ಕಾಗದದಂಥ ವಸ್ತುವಿನಲ್ಲಿ ಆರು ಮೂಲೆಯ ಕೋಣೆಗಳು, ಅದರ ಮೇಲೆ ನಾಲ್ಕಾರು ಹುಳಗಳು ಕೂತಿವೆ ಅಂದರೆ ಅದು ಸಂಸಾರ ಕಟ್ಟಿದ ಕಣಜ, ಗೂಡು ಕಾಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ನೋಡುತ್ತಾ ಕೂತದ್ದು ಇಂಥದ್ದೇ ಒಂದು ಜಾತಿಯನ್ನು, ರೊಪಾಲಿಡಿಯಾ ಮಾರ್ಜಿನೇಟಾ. ಅದರ ರಾಣಿ ಗೂಡಿನಲ್ಲೇ ತೀರಾ ಪಾಪದವಳಂತೆ ಇರ್ತಾಳೆ, ಆಕೆಯನ್ನು ತೆಗೆದ ಕೂಡಲೇ ಕೆಲಸಗಾರ್ತಿಯರಲ್ಲಿ ಒಬ್ಬಳು ಸಿಡುಕಿಯಾಗಿ ಅಧಿಕಾರ ಹಿಡೀತಾಳೆ ಅನ್ನುವುದನ್ನೆಲ್ಲ ಅವರ ತಂಡ ದಾಖಲಿಸಿದೆ. ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದು ಕಥೆ ಅನಿಸಲಿಕ್ಕಿಲ್ಲ.

ಫುಟ್‌ಬಾಲಿನಂಥ ಮುಚ್ಚಿದ ಗೂಡು, ಹೆಬ್ಬೆರಳಿನ ತುದಿಯಷ್ಟು ದಪ್ಪ ಹುಳ, ಕಪ್ಪು ಹೊಟ್ಟೆಗೆ ಕಿತ್ತಳೆ ಪಟ್ಟಿ ಇದ್ದರೆ ಅದು ದೊಡ್ಡ ಕಡಜ. ಹತ್ತಿರ ಹೋಗಲೇಬೇಡಿ. ನೀರಿನ ಟ್ಯಾಂಕಿನ ಅಡಿಯಲ್ಲೋ, ಎತ್ತರದ ಸಜ್ಜದಲ್ಲೋ ತೆರೆದ ಒಂದೇ ದೊಡ್ಡ ಹಲ್ಲೆ ನೇತಾಡುತ್ತಿದ್ದರೆ ಹೆಜ್ಜೇನು. ಇವೆರಡನ್ನು ತೆಗೆಯುವುದು ವಾಚ್‌ಮನ್ ಮತ್ತು ಉದ್ದ ಕೋಲಿನ ಕೆಲಸ ಅಲ್ಲ, ಗೊತ್ತಿದ್ದವರನ್ನೇ ಕರೆಸಬೇಕು. ಕಲ್ಲಿನ ಗೋಡೆಯ ಬಿರುಕಿನಿಂದ ಮೇಣದ ಸಣ್ಣ ಕೊಳವೆ ಹೊರಚಾಚಿ, ಇರುವೆಯಂಥ ಕಪ್ಪು ಹುಳ ಓಡಾಡುತ್ತಿದ್ದರೆ ಅದು ಮುಜಂಟಿ ಜೇನು. ಅದಕ್ಕೆ ಚುಚ್ಚಲು ಬರುವುದಿಲ್ಲ, ಅದನ್ನೂ ಸುಟ್ಟವರಿದ್ದಾರೆ.

ಗುಂಪಾಗಿ ಬಂದರೆ ಹುಳಗಳ ಶಕ್ತಿ ಏನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಕಟೀಲಿನ ಕಥೆ ಆಟದಲ್ಲಿ ನೋಡಿದವರೇ ಎಲ್ಲ. ಎರಡು ಕಾಲಿನವರಿಂದಲೂ ನಾಲ್ಕು ಕಾಲಿನವರಿಂದಲೂ ಸಾವು ಬೇಡ ಅಂತ ವರ ಪಡೆದ ಅರುಣಾಸುರನಿಗೆ ದೇವಿ ಆರು ಕಾಲಿನ ದುಂಬಿಯಾಗಿ ಬಂದಳು. ಹೆಜ್ಜೇನು ಎದ್ದರೆ ಕೈಬೀಸಬೇಡಿ, ಕೊಳಕ್ಕೆ ಹಾರಬೇಡಿ. ಮುಖ ಮುಚ್ಚಿಕೊಂಡು ಓಡಿ, ಬಾಗಿಲು ಹಾಕುವ ಕೋಣೆಗೋ ಕಾರಿನೊಳಗೋ ಸೇರಿ. ಜೇನು ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹರಡಿ ಉಳಿದವನ್ನು ಅಲ್ಲಿಗೇ ಕರೀತದೆ, ನಿಂತಷ್ಟೂ ಹೆಚ್ಚು.

ಸರಿ, ಒಂದು ಚುಚ್ಚಿಯೇ ಬಿಟ್ಟಿತು. ಜೇನಾದರೆ ಅದರ ಮುಳ್ಳು ನಿಮ್ಮ ಚರ್ಮದಲ್ಲೇ ಉಳಿದು, ವಿಷದ ಚೀಲ ಅದರ ಜೊತೆ ಮಿಡಿಯುತ್ತಾ ಇರ್ತದೆ. ಚಿಮುಟದಿಂದ ಎಳೆಯಬಾರದು, ಎಟಿಎಂ ಕಾರ್ಡಿನಿಂದಲೇ ಕೆರೆಯಬೇಕು ಅಂತ ಫಾರ್ವರ್ಡ್ ಬರ್ತದಲ್ಲ, ಅದನ್ನು ಮರೆತುಬಿಡಿ. ಹೆಚ್ಚಿನ ವಿಷ ಮೊದಲ 20 ಸೆಕೆಂಡಿನಲ್ಲೇ ಒಳಗೆ ಹೋಗಿಬಿಡ್ತದೆ. 1996ರಲ್ಲೇ ಎರಡೂ ವಿಧಾನವನ್ನು ಹೋಲಿಸಿ ನೋಡಿದ್ದಾರೆ, ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದೇ ಮುಖ್ಯ. ಕಾರ್ಡ್ ಹುಡುಕುವ ಬದಲು ಉಗುರಲ್ಲಿ ಕಿತ್ತೆಸೆಯಿರಿ. ಕಣಜ ಮುಳ್ಳು ಬಿಟ್ಟುಹೋಗುವುದಿಲ್ಲ. ಹಾಗಾಗಿ ಹುಡುಕಿ ಹಿಂಡುವುದು ಬೇಡ, ಜಾಗ ಖಾಲಿ ಮಾಡಿ, ಅದು ಇನ್ನೊಮ್ಮೆ ಚುಚ್ಚಬಲ್ಲದು.

ಕೈಗೆ ಚುಚ್ಚಿದ್ದರೆ ಉಂಗುರ, ಬಳೆ, ವಾಚು ಕೂಡಲೇ ಕಳಚಿ, ಬಾತ ಮೇಲೆ ಕತ್ತರಿಸಬೇಕಾದೀತು. ಸೋಪು ನೀರಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಿ, ತೆಗೆಯಿರಿ, ಮತ್ತೆ ಇಡಿ. ಕೈ ಎತ್ತರದಲ್ಲಿರಲಿ. ನೋವಿಗೆ ಪ್ಯಾರಸಿಟಮಾಲ್, ತುರಿಕೆಗೆ ಕ್ಯಾಲಮೈನ್ ಲೋಷನ್ನೋ ಸಿಟ್ರಿಜಿನ್ ಮಾತ್ರೆಯೋ ಸಾಕು. ಆ ಮಾತ್ರೆ ನುಂಗಿ ಬೈಕ್ ಓಡಿಸಬೇಡಿ, ನಿದ್ದೆ ಬರ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಎರಡನೇ ದಿನ ಬಾವು ಇನ್ನೂ ಹೆಚ್ಚಾಗಿ ಮೊಣಕೈವರೆಗೆ ಬಂದರೂ ಅದು ಹೆಚ್ಚಾಗಿ ವಿಷಕ್ಕೆ ಮೈ ತೋರುವ ಸಿಟ್ಟು, ಕೀವು ಅಲ್ಲ. ಆ್ಯಂಟಿಬಯೋಟಿಕ್ ನೀವೇ ಶುರುಮಾಡಬೇಡಿ. ಜ್ವರ ಬಂದರೆ, ಮೂರ್ನಾಲ್ಕು ದಿನದ ಮೇಲೂ ಕೆಂಪು ಹರಡುತ್ತಿದ್ದರೆ ತೋರಿಸಿ.

ಸುಣ್ಣ ಹಚ್ಚಬಹುದಾ? ಎಲ್ಲರೂ ಕೇಳುವ ಪ್ರಶ್ನೆ. ಜೇನಿನ ವಿಷ ಹುಳಿ, ಅದಕ್ಕೆ ಸುಣ್ಣ; ಕಣಜದ್ದು ಕ್ಷಾರ, ಅದಕ್ಕೆ ಲಿಂಬೆ ಅಂತ ಶಾಲೆಯಲ್ಲಿ ಓದಿದ ನೆನಪು ನಮಗೆಲ್ಲ ಉಂಟು. ವಿಷ ಅಷ್ಟು ಸರಳ ಅಲ್ಲ, ಅದರಲ್ಲಿರುವುದು ಬಗೆಬಗೆಯ ಪ್ರೋಟೀನುಗಳು. ಅದು ಹೋಗಿ ಕೂತದ್ದು ಚರ್ಮದ ಒಳಗೆ, ನೀವು ಹಚ್ಚುವುದು ಹೊರಗೆ. ಸುಣ್ಣ ಒಳಗಿನ ವಿಷವನ್ನು ಮುಟ್ಟುವುದಿಲ್ಲ, ಹೊರಗಿನ ಚರ್ಮವನ್ನು ಮಾತ್ರ ಸುಡ್ತದೆ. ಕಬ್ಬಿಣ ಉಜ್ಜುವುದು, ಟೂತ್‌ಪೇಸ್ಟ್ ಬಳಿಯುವುದು ಕೂಡ ಇದೇ ಸಾಲಿಗೆ. ಹೆಚ್ಚಿನವರಿಗೆ ಹಚ್ಚಿದರೂ ಹಚ್ಚದಿದ್ದರೂ ಗುಣ ಆಗ್ತದೆ, ಹಾಗಾಗಿ ಮದ್ದಿಗೆ ಹೆಸರು ಬರ್ತದೆ. ನನ್ನ ತಕರಾರು ಸುಣ್ಣದ ಮೇಲಲ್ಲ, ಅದನ್ನು ಹಚ್ಚಿ ಕಾಯುವ ಅರ್ಧ ಗಂಟೆಯ ಮೇಲೆ.

ಯಾಕೆ ಅಂತ ಹೇಳ್ತೇನೆ. ನನ್ನ ಭಾವನಿಗೆ ಬಂಟ್ವಾಳದ ಕಡೆ ತೋಟ. ಎರಡು ವರ್ಷದ ಹಿಂದೆ ಒಣ ಸೋಗೆ ಎಳೆಯುವಾಗ ಒಂದೇ ಒಂದು ಕಡಜ ಕುತ್ತಿಗೆಗೆ ಚುಚ್ಚಿತು. ಆ ಆಳು ಹೆಜ್ಜೇನು ಕಚ್ಚಿಸಿಕೊಂಡೂ ಕೆಲಸ ಮಾಡಿದವ. ಜಗಲಿಗೆ ಬಂದು ಕೂತು ನೀರು ಕೇಳುವಷ್ಟರಲ್ಲಿ ಅಂಗೈ ತುರಿಸಲು ಶುರು, ಹೊಟ್ಟೆ ಬೆನ್ನಿಗೆಲ್ಲ ಪಿತ್ತಗಂಧೆಯಂಥ ದದ್ದು. ನೆರೆದವರಲ್ಲಿ ಒಬ್ಬರು ಸುಣ್ಣದ ಡಬ್ಬಿ ತಂದರು, ಇನ್ನೊಬ್ಬರು ಎಳನೀರು ಕೆತ್ತಿದರು. ಅಕ್ಕ ಗಮನಿಸಿದ್ದು ಒಂದೇ: "ಇವರ ಸ್ವರ ಬದಲಾಯ್ತು." ಗೊಗ್ಗರು ಗೊಗ್ಗರಾಗಿ ಮಾತಾಡ್ತಿದ್ದರಂತೆ. ಅವಳು ಎಳನೀರನ್ನು ಬದಿಗಿಟ್ಟು ಪಕ್ಕದ ಮನೆಯ ಪಿಕಪ್ಪಿನಲ್ಲಿ ಅವರನ್ನು ಮಲಗಿಸಿಕೊಂಡು ಹೊರಟಳು. ಆಸ್ಪತ್ರೆ ಮುಟ್ಟುವಾಗ ಬಿಪಿ ಕೆಳಗಿಳಿದು ಕಣ್ಣು ಮೇಲೆ ಹೋಗಿತ್ತು. ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಹತ್ತು ನಿಮಿಷದಲ್ಲಿ ಮನುಷ್ಯ "ಸೋಗೆ ಎಳೆದು ಹಾಕಿದ್ರಾ?" ಅಂತ ಕೇಳಿದ.

ಇದಕ್ಕೆ ಅನಫಿಲ್ಯಾಕ್ಸಿಸ್ ಅಂತಾರೆ. ವಿಷ ಎಷ್ಟು ಹೋಯಿತು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಹಿಂದೆ ಚುಚ್ಚಿಸಿಕೊಂಡಾಗ ಆ ವಿಷವನ್ನು ವೈರಿ ಅಂತ ಗುರುತಿಟ್ಟುಕೊಂಡ ಮೈ ಈಗ ವಿಪರೀತ ಗಲಾಟೆ ಎಬ್ಬಿಸ್ತದೆ. ಇಷ್ಟು ವರ್ಷ ಏನೂ ಆಗಿಲ್ಲ ಅನ್ನುವುದು ಗ್ಯಾರಂಟಿ ಅಲ್ಲ. ಚುಚ್ಚಿದ ಜಾಗ ಬಿಟ್ಟು ಬೇರೆ ಕಡೆ ದದ್ದು, ತುಟಿ ನಾಲಿಗೆ ಬಾವು, ಸ್ವರ ಒಡೆಯುವುದು, ಉಬ್ಬಸ, ವಾಂತಿ, ಹೊಟ್ಟೆ ಹಿಂಡುವುದು, ತಲೆ ಸುತ್ತಿ ಕಣ್ಣು ಕತ್ತಲೆ. ಹೆಚ್ಚಾಗಿ ಇವು ನಿಮಿಷಗಳಲ್ಲೇ ಶುರು. ಮದ್ದು ಒಂದೇ, ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ. ಹಳೆಯ, ಅಗ್ಗದ ಮದ್ದು ಅದು. ಸಿಟ್ರಿಜಿನ್ ನುಂಗಿಸಿ ಕಾಯುವುದು ಅದಕ್ಕೆ ಬದಲಿ ಅಲ್ಲ. ಸಿನಿಮಾದಲ್ಲಿ ತೋರಿಸುವ ಪೆನ್ನಿನಂಥ ಇಂಜೆಕ್ಷನ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಹಾಗಾಗಿ 108ಕ್ಕೆ ಫೋನ್ ಮಾಡಿ, ಇಲ್ಲವೇ ಯಾವ ಗಾಡಿ ಸಿಗ್ತದೋ ಅದರಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕಿಡಿ, ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ. ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. ಸರಿಯಾದ ಮೇಲೂ ಕೆಲವು ಗಂಟೆ ಅಲ್ಲೇ ಇರಬೇಕು, ಲಕ್ಷಣ ಎರಡನೇ ಸುತ್ತು ಬರುವುದುಂಟು.

ಬಾಯಿ, ಗಂಟಲಿಗೆ ಚುಚ್ಚಿದರೆ (ಜ್ಯೂಸಿನ ಗ್ಲಾಸಿನಲ್ಲಿ ಹುಳ ಬಿದ್ದಿರ್ತದೆ) ಲಕ್ಷಣ ಕಾಯದೆ ಹೋಗಿ. ಹತ್ತಾರು ಕಡೆ ಚುಚ್ಚಿದರೂ ಅಷ್ಟೆ. ಅಲರ್ಜಿ ಇಲ್ಲದವರಿಗೂ ಅಷ್ಟು ವಿಷ ಸ್ನಾಯು, ಕಿಡ್ನಿಗೆ ಪೆಟ್ಟು ಕೊಡಬಹುದು, ಅದು ಗೊತ್ತಾಗುವುದು ಮರುದಿನ ಮೂತ್ರ ಕಪ್ಪು ಚಹಾದಂತೆ ಬಂದಾಗ.

ಭಾವ ಈಗಲೂ ತೋಟಕ್ಕೆ ಹೋಗ್ತಾರೆ, ಆದರೆ ಒಬ್ಬರೇ ಅಲ್ಲ. ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಬೈರಾಸು, ಫೋನು ಜೇಬಿನಲ್ಲಿ. ಅಲರ್ಜಿ ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಲ್ಯಾಮಿನೇಟ್ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ, ಅದರ ಇನ್ನೊಂದು ಪ್ರತಿ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿದೆ. ಅಕ್ಕ ಸುಣ್ಣದ ಡಬ್ಬಿಯನ್ನು ಎಲೆ ಅಡಿಕೆಯ ಹರಿವಾಣದಲ್ಲೇ ಇಟ್ಟಿದ್ದಾಳೆ, ಅದರ ಜಾಗ ಅದೇ ಅಂತ. ಜಗಲಿಯ ಮಾಡಿನ ಅಡಿಯಲ್ಲಿ ಈ ಸಲವೂ ಒಂದು ಮಣ್ಣಿನ ಗೂಡು ಉಂಟು. ಅದನ್ನು ಯಾರೂ ಮುಟ್ಟಿಲ್ಲ.